ಚಿತ್ರದ ಮುಂದೆ ಎಷ್ಟು ಹೊತ್ತು?

ಚಿತ್ರಕಲಾ ಪ್ರದರ್ಶನಕ್ಕೆ ಹೋದವರಿಗೆ ದೊಡ್ಡ ಕಷ್ಟ ಅಂದರೆ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು. ಬೇಗ ಮುಂದೆ ಹೋದರೆ ಅಸಡ್ಡೆ. ಜಾಸ್ತಿ ನಿಂತರೆ ಕೊಳ್ಳುತ್ತಾರೇನೋ ಅಂತ ಕಲಾವಿದರಿಗೆ ಆಸೆ. ಹತ್ತು ಜನರ ಚಿತ್ರ ಇರುವ ಕಡೆ ಹೇಗೋ ಜಾರಿಕೊಳ್ಳಬಹುದು. ಏಕವ್ಯಕ್ತಿ ಪ್ರದರ್ಶನದಲ್ಲಿ ಆ ಅನುಕೂಲವಿಲ್ಲ. ಎಡಕ್ಕೆ ತಿರುಗಿದರೂ ಅವರದ್ದೇ, ಬಲಕ್ಕೆ ತಿರುಗಿದರೂ ಅವರದ್ದೇ. ಹಿಂದಕ್ಕೆ ತಿರುಗಿದರೆ ಅವರೇ.

ಕೋಲಾರದಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ತಮ್ಮ ಮೊದಲ ಏಕವ್ಯಕ್ತಿ ಪ್ರದರ್ಶನ ಇಟ್ಟಿದ್ದರು. ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲೋ ಚಿತ್ರಕಲಾ ಪರಿಷತ್ತಿನಲ್ಲೋ ಇಡಿ ಅಂದವರಿದ್ದರು. ‘ಅಲ್ಲಿಗೆ ನಮ್ಮೂರಿನವರು ಯಾರು ಬರ್ತಾರೆ?’ ಅಂದು ಇಲ್ಲೇ ಒಂದು ಹಾಲ್ ಬಾಡಿಗೆಗೆ ಹಿಡಿದರು. ಗೋಡೆಗೆ ಮೊಳೆ ಹೊಡೆಯಬಾರದು ಅನ್ನುವುದು ಹಾಲಿನವರ ಮೊದಲ ಷರತ್ತು. ಶಾಮಿಯಾನದವರಿಂದ ಕಬ್ಬಿಣದ ಪೈಪು ತರಿಸಿ, ದಾರ ಕಟ್ಟಿ ಚಿತ್ರ ತೂಗುಹಾಕಿದರು. ಕಟ್ಟು ಹಾಕಿಸಿದ್ದು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ. ಕೆಲವು ಫ್ರೇಮಿಗೆ ಚಿನ್ನದ ಬಣ್ಣದ ಬಳ್ಳಿ ಸುತ್ತಿಕೊಂಡಿತ್ತು. ಬಂದವರಲ್ಲಿ ಅರ್ಧ ಜನ ಮೊದಲು ಹೊಗಳಿದ್ದು ಅದನ್ನೇ.

ಎಲ್ಲವೂ ಜಲವರ್ಣ. ಅಂತರಗಂಗೆ ಬೆಟ್ಟದ ಬಂಡೆಗಳೇ ಜಾಸ್ತಿ. ಜಲವರ್ಣದಲ್ಲಿ ಬಿಳಿ ಬೇಕಾದ ಕಡೆ ಸಾಮಾನ್ಯವಾಗಿ ಹಾಳೆಯನ್ನೇ ಮುಟ್ಟದೆ ಬಿಡುತ್ತಾರೆ. ಮಧ್ಯಾಹ್ನದ ಬಂಡೆ ಹೊಳೆಯುವ ಜಾಗವೆಲ್ಲ ಬರೀ ಹಾಳೆ. ಎಲ್ಲಿ ಬಿಡಬೇಕು ಅಂತ ಕುಂಚ ಅದ್ದುವ ಮೊದಲೇ ತೀರ್ಮಾನ ಆಗಿರಬೇಕು. ಬಣ್ಣ ಬಿದ್ದ ಮೇಲೆ ಆ ಬಿಳುಪು ಪೂರ್ತಿ ವಾಪಸ್ ಬರುವುದು ಕಷ್ಟ. ಗ್ಯಾಲರಿಗೆ ಯಾರ ಹೆಸರಿದೆಯೋ ಆ ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕೆನಾಲ್‌ಗಳನ್ನು ಜಲವರ್ಣದಲ್ಲಿ ಹಿಡಿದರು. ಅಲ್ಲಿ ಮಂಜಿದೆ, ಮಂಜು ಹೇಗಿದ್ದರೂ ನೀರಿಗೆ ನೆಂಟ. ನಮ್ಮ ಮೇಷ್ಟ್ರ ಪಾಲಿಗೆ ಬಂದದ್ದು ಕಲ್ಲು ಮತ್ತು ಬಿಸಿಲು. ನೀರು ಕಲಸಿ ಬಿಸಿಲು ಬರೆಯುವುದು ಅದಕ್ಕಿಂತ ಕಷ್ಟ ಅಂತ ನನ್ನ ವಾದ. ಊರಿನ ಅಭಿಮಾನ ಸ್ವಲ್ಪ ಸೇರಿರಬಹುದು, ಇರಲಿ.

ಒಬ್ಬ ಅಜ್ಜಿ ಮಾತ್ರ ‘ಬಣ್ಣ ಸಾಲಲಿಲ್ವೇನಪ್ಪಾ?’ ಅಂತ ಕನಿಕರದಿಂದ ಕೇಳಿದರು.

‘ಅದು ಬಿಸಿಲಮ್ಮಾ’ ಅಂದರು ಮೇಷ್ಟ್ರು.

ಅಜ್ಜಿ ಇನ್ನೊಂದು ಸಲ ನೋಡಿ, ‘ಹೌದು, ಕಣ್ಣು ಚುಚ್ಚುತ್ತೆ’ ಅಂದರು. ಕಲಾ ವಿಮರ್ಶಕರು ಇಷ್ಟು ಚಿಕ್ಕದಾಗಿ ಹೇಳುವುದಿಲ್ಲ.

ದೊಡ್ಡ ಗ್ಯಾಲರಿಗಳಲ್ಲಿ ಜನ ಪಿಸುಗುಟ್ಟುತ್ತಾರೆ. ಇಲ್ಲಿ ಎಲ್ಲರೂ ಜೋರಾಗಿ ಕೇಳಿದ್ದು ಒಂದೇ ಪ್ರಶ್ನೆ, ‘ಇದು ಯಾವ ಜಾಗ?’ ಕಲೆ ಬಲ್ಲವರು ಈ ಪ್ರಶ್ನೆಗೆ ಮೂಗು ಮುರಿಯುತ್ತಾರೆ. ನನಗಂತೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಗೊತ್ತಿಲ್ಲ. ಜಾಗ ಗುರುತಿಸಬೇಕಾದರೆ ಚಿತ್ರವನ್ನು ನೋಡಲೇಬೇಕಲ್ವಾ? ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯ ಚಿತ್ರದ ಮುಂದೆ ಇಬ್ಬರು ಜಗಳಕ್ಕೇ ನಿಂತರು. ನೆರಳು ಬೆಳಗಿನದೋ ಸಂಜೆಯದೋ ಅಂತ. ಎಷ್ಟು ಹೊತ್ತು ನಿಲ್ಲಬೇಕು ಅನ್ನುವ ಚಿಂತೆ ಅವರಿಗೆ ಬರಲೇ ಇಲ್ಲ. ಹಿಂದೆ ಸಾಲು ಬೆಳೆಯಿತು.

ಕೊನೆಯಲ್ಲಿ ಟೊಮೆಟೊ ಚಿತ್ರ ಇತ್ತು. ರಸ್ತೆ ಬದಿಯಲ್ಲಿ ಸುರಿದು ಹೋದ ಕೆಂಪು ರಾಶಿ. ಕೆಳಗೆ ಚೀಟಿ, 8,000 ರೂಪಾಯಿ. ಮಾರ್ಕೆಟ್ಟಿಗೆ ಮಾಲು ಹಾಕಿ ಬಂದಿದ್ದ ರೈತರೊಬ್ಬರು ಅದರ ಮುಂದೆ ಲೆಕ್ಕ ಹಾಕುತ್ತಿದ್ದರು. 2023ರ ಜುಲೈನಲ್ಲಿ ಇಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು.

‘ಆವಾಗಿನ ರೇಟಲ್ಲಾದ್ರೆ ನಾಲ್ಕು ಬಾಕ್ಸ್ ಮಾರಿ ಇದನ್ನ ತಗೊಂಡ್ ಹೋಗ್ತಿದ್ದೆ ಮೇಷ್ಟ್ರೇ.’

‘ಈಗಿನ ರೇಟಲ್ಲಿ?’

‘ಈಗಿನ ರೇಟಲ್ಲಿ ಇಂಥ ರಾಶಿ ಸುರಿಯೋನೇ ನಾನು’ ಅಂದರು. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು ಚಿತ್ರದ ಪಕ್ಕ ನಿಂತರು. ಗಾಜಿನ ಮೇಲೆ ಟ್ಯೂಬ್‌ಲೈಟ್ ಬಿದ್ದು ಟೊಮೆಟೊ ಕಾಣುತ್ತಿಲ್ಲ ಅಂದಾಗ ಮೇಷ್ಟ್ರೇ ಬಂದು ಫ್ರೇಮನ್ನು ಓರೆ ಮಾಡಿ ಹಿಡಿದುಕೊಂಡರು.