ಎಲ್ಲರೂ ಡಾಕ್ಟರಾದರೆ ಕೊಳೆಗೆ ಮದ್ದು ಹೊಡೆಯೋರು ಯಾರು?

ಶಿರಸಿ, ಸಿದ್ದಾಪುರ, ಸಾಗರದ ಕಡೆ ಮೇ ತಿಂಗಳು ಬಂತೆಂದರೆ ಎರಡು ಗೋಳು ಒಟ್ಟಿಗೆ ಶುರುವಾಗುತ್ತವೆ. ಮಗನಿಗೆ ಒಳ್ಳೆ ಕಾಲೇಜಲ್ಲಿ ಪಿಸಿಎಂಬಿ ಸಿಗುತ್ತದಾ ಅನ್ನೋದು ಒಂದು. ಮಳೆ ಹಿಡಿಯೋ ಮೊದಲು ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯೋಕೆ ಜನ ಸಿಗ್ತಾರಾ ಅನ್ನೋದು ಇನ್ನೊಂದು. ಎರಡೂ ಒಂದೇ ಬಾಯಿಂದ, ಒಂದೇ ಜಗಲಿಯಲ್ಲಿ, ಕವಳ ಹಾಕುತ್ತಲೇ ಬರುತ್ತವೆ. ಈ ಎರಡಕ್ಕೂ ಏನಾದರೂ ಸಂಬಂಧ ಇದ್ದೀತು ಅನ್ನೋ ಅನುಮಾನ ಮಾತ್ರ ಯಾರಿಗೂ ಬಂದಿಲ್ಲ.

ನಮ್ಮಲ್ಲಿ ಇರೋದೇ ಎರಡು ಉದ್ಯೋಗ. ಡಾಕ್ಟರ್, ಇಂಜಿನಿಯರ್. ಉಳಿದವರೆಲ್ಲ "ಏನೋ ಮಾಡ್ಕೊಂಡಿದಾನೆ" ಅನ್ನೋ ಖಾತೆಗೆ ಸೇರುತ್ತಾರೆ.

ಆ ಖಾತೆಯ ಹುಡುಗ ಒಬ್ಬನಿದ್ದಾನೆ. ಪಿಯುಸಿ ಸೈನ್ಸ್ ಹೇಗೋ ಪಾಸಾದ. ನೀಟ್ ರ‍್ಯಾಂಕ್ ಎಷ್ಟು ಅಂತ ಕೇಳಿದವರಿಗೆ, ಇವನು ಫೋನ್ ನಂಬರ್ ಹೇಳುತ್ತಿದ್ದಾನೆ ಅಂತಲೇ ಅನಿಸಿತು. ಅಪ್ಪ ಮಾತು ಬಿಟ್ಟರು. ಅವ್ವ ಹರಕೆ ಹೊತ್ತಳು. ಹುಡುಗ ಮಾತ್ರ ಮಾವನ ಜೊತೆ ಮರ ಹತ್ತೋಕೆ ಹೋದ. ಸುಮ್ನೆ ಖರ್ಚಿಗಾಯಿತು ಅಂತ. ಈಗ ಜೂನ್‌ನಿಂದ ಆಗಸ್ಟ್‌ವರೆಗೆ ಅವನ ಒಂದು ದಿನ ಸಿಗಬೇಕಾದರೆ ತಾಲ್ಲೂಕಿನ ದೊಡ್ಡ ದೊಡ್ಡ ತೋಟದವರು ಸಾಲಿನಲ್ಲಿ ನಿಲ್ಲಬೇಕು.

ಕೊಳೆಗೆ ಹೊಡೆಯೋ ಮದ್ದು, ಅಂದರೆ ಬೋರ್ಡೋ ಮಿಶ್ರಣ, ಅವನು ಮಾಡೋದನ್ನು ಒಮ್ಮೆ ನೋಡಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸುತ್ತಾನೆ. ಸೊಂಟದ ಕತ್ತಿ ತೆಗೆದು, ಉಜ್ಜಿ ಹೊಳಪು ಬರಿಸಿ, ಡ್ರಮ್ಮಿಗೆ ಅದ್ದುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಅಂತ ಲೆಕ್ಕ. ಇನ್ನೊಂದು ಬೊಗಸೆ ಹಾಕಿ ಮತ್ತೆ ಅದ್ದುತ್ತಾನೆ. ಎಸ್ಸೆಸ್ಸೆಲ್ಸಿ ವಿಜ್ಞಾನದ ಮೊದಲ ಪಾಠದಲ್ಲೇ ಇದೆಯಲ್ಲ, ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ? ಅದೇ ಇದು. ಆ ಪಾಠಕ್ಕೆ ನೂರಕ್ಕೆ ನೂರು ತೆಗೆದ ಯಜಮಾನರ ಮಗಳು ಪಕ್ಕದಲ್ಲೇ ನಿಂತು, "ಅಪ್ಪಾ, ಅವನ್ಯಾಕೆ ಕತ್ತಿ ತೊಳೀತಿದಾನೆ?" ಅಂತ ಕೇಳಿದಳಂತೆ.

ಕಳೆದ ಸಲ ಊರಿನ ಸಭಾಭವನದಲ್ಲಿ 'ಪಿಯುಸಿ ನಂತರ ಮುಂದೇನು?' ಅಂತ ಕಾರ್ಯಕ್ರಮ ಇತ್ತು. ಸಾಧಕ ವಿದ್ಯಾರ್ಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು ದೊಡ್ಡ ತೋಟದ ಯಜಮಾನರು. "ಯಾವ ಕೆಲಸವೂ ಕೀಳಲ್ಲ, ದುಡಿಮೆಯೇ ದೇವರು" ಅಂತ ಮುಕ್ಕಾಲು ಗಂಟೆ ಹೇಳಿದರು. ಅವರ ಮಗ ಮಂಗಳೂರಲ್ಲಿ ನೀಟ್‌ನ ಲಾಂಗ್ ಟರ್ಮ್ ಕೋಚಿಂಗ್‌ನಲ್ಲಿದ್ದಾನೆ, ಎರಡನೇ ವರ್ಷ. ಭಾಷಣದ ಮಧ್ಯೆ ಫೋನ್ ಬಂತು. ಸ್ಕ್ರೀನ್ ನೋಡಿದವರೇ ಮೈಕಿಗೆ ಕೈ ಅಡ್ಡ ಇಟ್ಟು, "ಹ್ಞಾಂ ಮಾರಾಯಾ, ಹೇಳು, ಹೇಳು... ಇವತ್ತೇ ಬರ್ತೀಯಾ?" ಅಂದರು. ಮೈಕಿಗೆ ಎಲ್ಲ ಕೇಳಿಸಿತು. ಅರ್ಧ ಸಭೆಗೆ ಆ ಕಡೆಯವನು ಯಾರು ಅಂತ ಗೊತ್ತಾಗಿ ಹೊಟ್ಟೆ ಉರಿಯಿತು. ವೇದಿಕೆ ಮೇಲಿದ್ದ ಐವರಲ್ಲಿ ಮೂವರು ಆಮೇಲೆ ಮೆಲ್ಲಗೆ, "ನನ್ನ ತೋಟಕ್ಕೂ ಒಂದು ಮಾತು ಹೇಳಿಡಿ" ಅಂದರಂತೆ. ಅವನಿಗೂ ಒಂದು ಶಾಲು ಹೊದೆಸೋಣ ಅಂತ ಯಾರಿಗೂ ಹೊಳೆಯಲಿಲ್ಲ ಬಿಡಿ. ಅವನೇನು ಸಾಧಕನಾ?

ಸರ್ಕಾರದ ಕಣ್ಣಿಗೂ ಅವನು ಕಾಣೋದಿಲ್ಲ. ಯುವನಿಧಿಯಲ್ಲಿ ಪದವಿ ಮುಗಿಸಿದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು. ಇವನ ಹತ್ತಿರ ಪದವಿಯೂ ಇಲ್ಲ, ಡಿಪ್ಲೊಮಾವೂ ಇಲ್ಲ. ಮೇಲಾಗಿ ಒಂದೇ ವಾರಕ್ಕೆ ಕೆಲಸ ಸಿಕ್ಕಿಬಿಟ್ಟಿದೆ. ಇಷ್ಟು ಅನರ್ಹತೆ ಇರೋರಿಗೆ ಯಾವ ಸರ್ಕಾರ ತಾನೇ ಏನು ಮಾಡೀತು?

ಮದುವೆ ವಿಷಯ ಎತ್ತಲೇಬಾರದು. ಎಕರೆಗಟ್ಟಲೆ ತೋಟ ಇರೋ ಮಾಣಿಗೇ ಹೆಣ್ಣು ಸಿಗುತ್ತಿಲ್ಲ, ಇನ್ನು ಆ ತೋಟದ ಮರ ಹತ್ತುವವನಿಗೆ ಸಿಗುತ್ತದಾ? ಬೆಂಗಳೂರಲ್ಲಿ ಪಿಜಿ ಬಾಡಿಗೆಗೆ ಮನೆಯಿಂದ ದುಡ್ಡು ತರಿಸೋ ಇಂಜಿನಿಯರನಿಗೆ ಮಾತ್ರ ಜಾತಕಗಳು ಬರುತ್ತಲೇ ಇವೆ.

ಹಾಗಂತ ಇದೇನು ಸುಖದ ಕೆಲಸ ಅಲ್ಲ. ಮಳೆಗಾಲದ ಅಡಿಕೆ ಮರ ಪಾಚಿ ಕಟ್ಟಿ ಜಾರುತ್ತದೆ. ಬಿದ್ದರೆ ಬೆನ್ನುಮೂಳೆಯೇ ಹೋಗುತ್ತದೆ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಮದ್ದು ಹೊಡೆಯಬಹುದು, ಅಡಿಕೆ ಗೊನೆ ಕೊಯ್ಯಬಹುದು. ನಮ್ಮ ಹುಡುಗನೂ ಒಂದು ತಗೊಂಡಿದ್ದಾನೆ. ಅದು ಬಂದ ದಿನ ಅಪ್ಪ ಮೊದಲ ಸಲ ಮಾತಾಡಿದರು. "ನಮ್ಮವನು ಈಗ ಮಷಿನರಿ ಲೈನಲ್ಲಿದಾನೆ" ಅಂತ, ನೆಂಟರ ಹತ್ತಿರ.

ಆ ಮುಖ್ಯ ಅತಿಥಿಗಳ ತೋಟಕ್ಕೂ ಅವನು ಹೋದ. ಡ್ರಮ್ ಕದಡೋಕೆ, ಪೈಪ್ ಎಳೆಯೋಕೆ ಒಬ್ಬರು ಬೇಕು ಅಂದ.

"ಆಳು ಯಾರೂ ಇಲ್ವಲ್ಲ ಮಾರಾಯಾ."

"ನಿಮ್ಮ ಮಗ ರಜೆಗೆ ಬಂದಿದಾರಲ್ಲ ಒಡೆಯಾ?"

"ಅವಂಗೆ ಕೆಮಿಸ್ಟ್ರಿ ಓದೋದಿದೆ."

"ಹಾಗಾದ್ರೆ ಪೈಪ್ ನೀವೇ ಹಿಡೀರಿ" ಅಂದ ಹುಡುಗ. "ಮಧ್ಯ ಫೋನ್ ಬಂದ್ರೆ ಮಾತ್ರ ಎತ್ಬೇಡಿ."