ಹತ್ತು ಒಂಬತ್ತುಗಳ ಒಡೆಯ

ನಮ್ಮ ದೇಶದ ಅತ್ಯಂತ ದೊಡ್ಡ ಮನಸ್ಸಿನ ಮೊಬೈಲ್ ನಂಬರ್ ಯಾವುದು ಗೊತ್ತಾ? 9999999999. ನೆನಪಿಟ್ಟುಕೊಳ್ಳುವ ಕಷ್ಟವೇ ಇಲ್ಲ. ಒಂಬತ್ತರ ಮೇಲೆ ಬೆರಳಿಟ್ಟು ಹತ್ತು ಸಲ ಒತ್ತಿದರೆ ಆಯಿತು. ಆಸ್ಪತ್ರೆ ಖರ್ಚು ಭರಿಸುವ ಆಯುಷ್ಮಾನ್ ಭಾರತ್ ಯೋಜನೆಯ ದಾಖಲೆಯಲ್ಲಿ 7,49,820 ಫಲಾನುಭವಿಗಳ ಹೆಸರಿನ ಮುಂದೆ ಇದೊಂದೇ ನಂಬರ್ ಇತ್ತು. ಹೀಗೆ ಹೇಳಿದವರು ವಿರೋಧ ಪಕ್ಷದವರಲ್ಲ, ಕಟ್ಟೆ ಮೇಲೆ ಕೂತು ಹರಟುವವರೂ ಅಲ್ಲ. ಸರ್ಕಾರದ ಲೆಕ್ಕ ಪರಿಶೋಧನೆ ಮಾಡುವ ಸಿಎಜಿಯ ವರದಿ ಹೇಳಿದ್ದು, 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದದ್ದು.

2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಮೂರು ಲಕ್ಷ ಚಿಲ್ಲರೆ. ಅಂಥ ಎರಡು ಶಿವಮೊಗ್ಗ ಸೇರಿಸಿದರೂ ಈ ಒಂದು ಫೋನಿನ ಸಂಸಾರಕ್ಕೆ ಸಾಟಿಯಾಗುವುದಿಲ್ಲ. ಆ ಫೋನ್ ಇಟ್ಟುಕೊಂಡ ಯಜಮಾನರನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಬೆಳಗ್ಗೆ ಹಲ್ಲುಜ್ಜುವಾಗಲೇ ರಿಂಗ್ ಆಗುತ್ತದೆ.

'ಹಲೋ, ಆಯುಷ್ಮಾನ್ ಕಾಲ್ ಸೆಂಟರಿನಿಂದ ಸಾರ್. ನಿಮ್ಮ ಮನೆಯಲ್ಲಿ ಹರ್ನಿಯಾ ಆಪರೇಷನ್ ಆದವರು ಹೇಗಿದ್ದಾರೆ?'

'ಯಾವ ಹರ್ನಿಯಾ ಸಾರ್? ನಮ್ಮಲ್ಲಿ ಸಾವಿರಗಟ್ಟಲೆ ಇವೆ. ಜಿಲ್ಲೆ ಹೇಳಿ, ಹುಡುಕಿಸ್ತೀನಿ.'

ಇವರೊಬ್ಬರೇ ಅಲ್ಲ. 8888888888 ನಂಬರಿಗೆ 1,39,300 ಜನ. ಬಹುಶಃ ಒಂಬತ್ತರ ಲೈನ್ ಬಿಜಿ ಬಂದಿರಬೇಕು. 9000000000 ನಂಬರಿಗೆ 96,046 ಜನ. ಇದನ್ನು ಒತ್ತಿದ ನೌಕರನ ಬಗ್ಗೆ ಮಾತ್ರ ನನಗೆ ಗೌರವವಿದೆ. ಒಂಬತ್ತನ್ನೇ ಹತ್ತು ಸಲ ಒತ್ತುವ ಸೋಮಾರಿಗಳ ನಡುವೆ ಬೆರಳನ್ನು ಸೊನ್ನೆಯವರೆಗೆ ಕೊಂಡೊಯ್ಯುವಷ್ಟು ಶ್ರದ್ಧೆ ಅವನಿಗಿತ್ತು.

ಸರ್ಕಾರ ಇದಕ್ಕೆ ಸಮಜಾಯಿಷಿ ಕೊಟ್ಟಿದೆ. ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. ಫಲಾನುಭವಿಯನ್ನು ಗುರುತಿಸುವುದು ಆಧಾರ್ ಮೂಲಕ, ಮೊಬೈಲ್ ನಂಬರ್ ಇರುವುದು ಸಂಪರ್ಕಕ್ಕೆ ಮಾತ್ರ, ಆ ಕಾಲಂ ಕಡ್ಡಾಯವೂ ಅಲ್ಲ ಅಂತ. ಹಳ್ಳಿಗಾಡಿನಲ್ಲಿ ಎಷ್ಟೋ ಮನೆಗಳಲ್ಲಿ ಫೋನೇ ಇಲ್ಲ, ಅದೂ ನಿಜ. ಆದರೆ ಆಸ್ಪತ್ರೆಯವರು ಬಿಲ್ ಕಳಿಸಿದ ಮೇಲೆ 'ಅಮ್ಮಾ, ನಿಮಗೆ ನಿಜವಾಗಿಯೂ ಆಪರೇಷನ್ ಆಯಿತಾ? ಕೈಯಿಂದ ದುಡ್ಡು ಏನಾದರೂ ಕಿತ್ತುಕೊಂಡರಾ?' ಅಂತ ರೋಗಿಯನ್ನೇ ಕೇಳಬೇಕಲ್ಲ. ಕಳ್ಳ ಬಿಲ್ ಹಿಡಿಯಲು ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಆ ಫೋನ್ ಮಾಡುವುದು ಯಾರಿಗೆ? ಮತ್ತೆ ನಮ್ಮ ಯಜಮಾನರಿಗೇ.

ಯೋಜನೆ ಸಣ್ಣದಲ್ಲ. 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಶುರುವಾಯಿತು. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು. ಇದರಿಂದ ಜೀವ ಉಳಿದವರು ಎಲ್ಲ ಊರಲ್ಲೂ ಇದ್ದಾರೆ. ಹಾರ್ಟ್ ಆಪರೇಷನ್ನಿಗೆ ಹೊಲ ಮಾರದೆ ಮನೆಗೆ ಬಂದವರಿದ್ದಾರೆ. ಅದಕ್ಕೇ ಇದರ ಲೆಕ್ಕ ಓದುವಾಗ ನಗು, ಸಿಟ್ಟು ಎರಡೂ ಒಟ್ಟಿಗೆ ಬರುತ್ತವೆ.

ಕುಟುಂಬದ ವಿಷಯಕ್ಕೆ ಬರೋಣ. 11ರಿಂದ 201 ಜನರಿರುವ 43,197 ಕುಟುಂಬಗಳು ದಾಖಲೆಯಲ್ಲಿ ಸಿಕ್ಕವು. ಹನ್ನೊಂದು ಜನ ಇರಲಿ ಬಿಡಿ, ನಮ್ಮ ಕಡೆ ಈಗಲೂ ಅಂಥ ಮನೆಗಳಿವೆ. ಆದರೆ 201? ಅಷ್ಟು ಜನರಿಗೆ ಬೆಳಗಿನ ಉಪ್ಪಿಟ್ಟು ಆಗುವಷ್ಟರಲ್ಲಿ ಸಂಜೆಯಾಗುತ್ತದೆ. ಅವಿಭಕ್ತ ಕುಟುಂಬ ಹಾಳಾಯಿತು ಅಂತ ಭಾಷಣ ಮಾಡುವವರು ಸ್ವಲ್ಪ ಈ ಡೇಟಾಬೇಸ್ ಓದಬೇಕು. ನೆಲದ ಮೇಲೆ ಒಡೆದು ಹೋದ ಮನೆಗಳೆಲ್ಲ ಸರ್ವರಿನಲ್ಲಿ ಒಂದಾಗಿವೆ.

ಇನ್ನು ಸತ್ತವರ ವಿಷಯ. ಇದು ನನಗೆ ಇಡೀ ವರದಿಯಲ್ಲೇ ಇಷ್ಟವಾದ ಭಾಗ. ಚಿಕಿತ್ಸೆಯ ವೇಳೆ ತೀರಿಕೊಂಡರು ಅಂತ ಇದೇ ಕಂಪ್ಯೂಟರಿನಲ್ಲಿ ನಮೂದಾದ 3,446 ರೋಗಿಗಳು ಮತ್ತೆ ಚಿಕಿತ್ಸೆ ಪಡೆದಿದ್ದಾರೆ. ಅವರ ಹೆಸರಲ್ಲಿ ಪಾವತಿಯಾದದ್ದು 6.97 ಕೋಟಿ ರೂಪಾಯಿ. ಗಮನಿಸಿ, ಅವರು ಸತ್ತದ್ದು ಬೇರೆ ಯಾವುದೋ ಇಲಾಖೆಯ ರಿಜಿಸ್ಟರಿನಲ್ಲಲ್ಲ. ಜನನ ಮರಣ ಕಚೇರಿಯಿಂದ ಪತ್ರ ಬರುವುದು ತಡವಾಯಿತು ಅನ್ನುವ ಹಾಗೂ ಇಲ್ಲ. ಸತ್ತರು ಅಂತ ಬರೆದುಕೊಂಡದ್ದೂ ಇದೇ ಕಂಪ್ಯೂಟರ್, ಮತ್ತೆ ಬನ್ನಿ ಅಂತ ಹಾಸಿಗೆ ಕೊಟ್ಟದ್ದೂ ಇದೇ ಕಂಪ್ಯೂಟರ್. (ಇಲ್ಲಿ ಯಮನನ್ನೂ ಚಿತ್ರಗುಪ್ತನನ್ನೂ ಎಳೆದು ತರುವುದು ಸುಲಭ. ಪಾಪ, ಅವರ ಲೆಕ್ಕದಲ್ಲಿ ತಪ್ಪೇನೂ ಕಂಡಿಲ್ಲ. ಅವರನ್ನು ಬಿಟ್ಟುಬಿಡೋಣ.)

ಈ ತೂತನ್ನು ಲೆಕ್ಕ ಪರಿಶೋಧಕರು ಮೊದಲೇ ತೋರಿಸಿದ್ದರು. 2020ರ ಜುಲೈನಲ್ಲೇ ಯೋಜನೆ ನಡೆಸುವ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದಿಂದ ಉತ್ತರವೂ ಬಂತು. ಸತ್ತವರ ಐಡಿ ಇನ್ನು ಮುಂದೆ ಕೆಲಸ ಮಾಡದಂತೆ ಏಪ್ರಿಲ್‌ನಲ್ಲೇ ವ್ಯವಸ್ಥೆ ಮಾಡಿದ್ದೇವೆ ಅಂತ. ಆಮೇಲೆ ನೋಡಿದರೆ ಸತ್ತವರು ಎಂದಿನಂತೆ ಅಡ್ಮಿಟ್ ಆಗುತ್ತಲೇ ಇದ್ದಾರೆ. ಮತ್ತೆ ಕೇಳಿದಾಗ, ಹಿಂದಿನ ತಾರೀಖು ಹಾಕಿ ಮಂಜೂರಾತಿ ಕೇಳಲು ಅವಕಾಶ ಇಟ್ಟಿರುವುದು ಕಾರ್ಯನಿರ್ವಹಣೆಯ ಅನುಕೂಲಕ್ಕಾಗಿ ಎಂಬ ಉತ್ತರ ಬಂತು. ಯಾರ ಅನುಕೂಲ ಅಂತ ಮಾತ್ರ ಕೇಳಬೇಡಿ. ಸತ್ತವರಿಗೆ ಅನುಕೂಲವಾಗಿದೆ ಅಂತ ಅಂದುಕೊಳ್ಳೋಣ.

ಮುಂದೆ ಇನ್ನೂ ಸ್ವಾರಸ್ಯವಿದೆ. 2 ಲಕ್ಷ 25 ಸಾವಿರಕ್ಕೂ ಹೆಚ್ಚು ಕೇಸುಗಳಲ್ಲಿ ರೋಗಿ ಡಿಸ್ಚಾರ್ಜ್ ಆದ ತಾರೀಖಿನ ನಂತರ ಆಪರೇಷನ್ ನಡೆದಿದೆ. ಅಂದರೆ ರೋಗಿ ಮನೆಗೆ ಬಂದು, ಸ್ನಾನ ಮಾಡಿ, ಗಂಜಿ ಕುಡಿದು ಮಲಗಿದ ಮೇಲೆ ಅಲ್ಲಿ ಆಸ್ಪತ್ರೆಯಲ್ಲಿ ಅವನ ಹೊಟ್ಟೆ ಕೊಯ್ದಿದ್ದಾರೆ. ವರ್ಕ್ ಫ್ರಮ್ ಹೋಮ್ ಕೇಳಿದ್ದೆವು. ಇದು ಅದರ ಮುಂದಿನ ಮೆಟ್ಟಿಲು. ಇಂಥ ಕೇಸುಗಳಲ್ಲಿ ಸಿಂಹಪಾಲು ಮಹಾರಾಷ್ಟ್ರದ್ದು.

ಕೆಎಸ್‌ಆರ್‌ಟಿಸಿ ಬಸ್ಸಿಗೆ ಮೊಬೈಲಿನಲ್ಲಿ ಟಿಕೆಟ್ ಬುಕ್ ಮಾಡಿದ್ದೀರಿ, ಅಲ್ವಾ? ಹೊರಡುವ ದಿನ 15ನೇ ತಾರೀಖು ಅಂತ ಹಾಕಿ, ವಾಪಸ್ ಬರುವ ದಿನ 12 ಅಂತ ಹಾಕಿ ನೋಡಿ. ಬಿಡುವುದಿಲ್ಲ. ಹೋಗದೇ ಇದ್ದವನು ಬರುವುದು ಹೇಗೆ ಅಂತ ಅದಕ್ಕೂ ಗೊತ್ತು. ಆರುನೂರು ರೂಪಾಯಿಯ ಟಿಕೆಟ್ಟಿಗೆ ಇರುವ ಈ ಬುದ್ಧಿ ಐದು ಲಕ್ಷದ ಚಿಕಿತ್ಸೆಯ ತಂತ್ರಾಂಶಕ್ಕೆ ಬಂದಿರಲಿಲ್ಲ. ಇದಕ್ಕೆ ದೊಡ್ಡ ವಿಜ್ಞಾನಿ ಬೇಕಾಗಿಲ್ಲ. ಈ ತಾರೀಖು ಆ ತಾರೀಖಿಗಿಂತ ಹಿಂದಿದ್ದರೆ ಒಳಗೆ ಬಿಡಬೇಡ ಅನ್ನುವ ಒಂದು ಸಾಲು ಸಾಕು.

ಒಬ್ಬನೇ ರೋಗಿ ಒಂದು ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಆಗುವ ಮೊದಲೇ ಮತ್ತೊಂದು ಕಡೆ ದಾಖಲಾದ ಪವಾಡವೂ ನಡೆದಿದೆ. ಅಂಥವರು 48,387 ಜನ. ಇದಕ್ಕೂ ಪ್ರಾಧಿಕಾರದ ಬಳಿ ವಿವರಣೆ ಇತ್ತು. ತಾಯಿ ಒಂದು ಆಸ್ಪತ್ರೆಯಲ್ಲಿ ಹೆತ್ತಿರುತ್ತಾಳೆ, ಮಗುವಿಗೆ ತೊಂದರೆಯಾದಾಗ ತಾಯಿಯ ಕಾರ್ಡಿನಲ್ಲೇ ಬೇರೆ ಆಸ್ಪತ್ರೆಗೆ ಸೇರಿಸುತ್ತಾರೆ, ಹಾಗಾಗಿ ಇಬ್ಬರೂ ಒಂದೇ ಐಡಿಯಲ್ಲಿ ಕಾಣುತ್ತಾರೆ. ಎಷ್ಟು ಚಂದದ ವಿವರಣೆ! ಓದುತ್ತಾ ಕಣ್ಣು ತುಂಬಿ ಬರುತ್ತದೆ. ಅದರ ಪಕ್ಕದಲ್ಲೇ ಲೆಕ್ಕ ಪರಿಶೋಧಕರು ಏನೂ ಅರಿಯದವರ ಹಾಗೆ ಇನ್ನೊಂದು ಸಂಖ್ಯೆ ಇಟ್ಟಿದ್ದಾರೆ. ಆ 48,387 ಜನರಲ್ಲಿ 23,670 ಮಂದಿ ಗಂಡಸರು.

ಇಷ್ಟೆಲ್ಲ ಓದಿದ ಮೇಲೆ, ಈ ವ್ಯವಸ್ಥೆಯಲ್ಲಿ ತಪಾಸಣೆಯೇ ಇಲ್ಲ ಅಂತ ನಿಮಗೆ ಅನ್ನಿಸಬಹುದು. ಛೆ, ಹಾಗೆ ಹೇಳಬೇಡಿ. ತಪಾಸಣೆ ಇದೆ, ಬೇಕಾದಷ್ಟಿದೆ. ಅದೆಲ್ಲ ಜೀವಂತ ಇರುವವರಿಗೆ.

ನಮ್ಮ ರಾಜ್ಯದಲ್ಲಿ ಇದು 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಎಂಬ ಜೋಡಿ ಹೆಸರಿನಲ್ಲಿ ಶುರುವಾಯಿತು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನಡೆಯುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಐದು ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಚಿಕಿತ್ಸೆ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಬೇಕು. ಇಲ್ಲಿ ಆಗುವುದಿಲ್ಲ ಅಂತ ಅವರು ಬರೆದು ಕೊಡಬೇಕು. ಇಲ್ಲಿ ಆಗುವುದಿಲ್ಲ ಅಂತ ಬಾಯಲ್ಲಿ ಹೇಳುವವರು ಬಹಳ. ಬರೆದು ಕೊಡುವವರು ಊಟಕ್ಕೆ ಹೋಗಿರುತ್ತಾರೆ.

ಕಣ್ಣಿನ ಪೊರೆ ತೆಗೆಸಲು ಬಂದ ಒಬ್ಬ ಅಜ್ಜಿಯನ್ನು ಕೌಂಟರಿನ ಮುಂದೆ ನಿಲ್ಲಿಸಿಕೊಳ್ಳಿ. ಯಾವ ಜಿಲ್ಲೆಯಾದರೂ ಸರಿ.

'ಅಜ್ಜಿ, ಹೆಬ್ಬೆಟ್ಟು ಇಡಿ.'

ಇಡುತ್ತಾರೆ. ಐವತ್ತು ವರ್ಷ ಕಳೆ ಕಿತ್ತ ಬೆರಳು. ಗೆರೆಗಳು ಎಂದೋ ಸವೆದಿವೆ. ಮಷಿನ್ ಕೆಂಪು ದೀಪ ತೋರಿಸುತ್ತದೆ.

'ಮ್ಯಾಚ್ ಆಗ್ತಿಲ್ಲ. ಕಣ್ಣು ಸ್ಕ್ಯಾನ್ ಮಾಡೋಣ. ಕಣ್ಣು ಅಗಲ ಬಿಡಿ.'

'ಆ ಕಣ್ಣು ಸರಿ ಇಲ್ಲ ಅಂತಾನೇ ಬಂದಿದ್ದೀನಲ್ಲೋ ತಮ್ಮಾ.'

'ಹಾಗಾದರೆ ಓಟಿಪಿ. ಫೋನ್ ತಂದಿದ್ದೀರಾ?'

'ಆಧಾರ್‌ಗೆ ಮಗನ ಫೋನ್ ಕೊಟ್ಟಿದ್ದೆ. ಅವನು ಬೆಂಗಳೂರಲ್ಲಿ ಡ್ಯೂಟಿ ಮೇಲಿದ್ದಾನೆ. ಎತ್ತಲ್ಲ.'

'ಮುಖ ತೋರಿಸಿ ಮತ್ತೆ. ಅಯ್ಯೋ, ಸರ್ವರ್ ಡೌನ್. ಸೋಮವಾರ ಬನ್ನಿ. ನೀವು ನೀವೇ ಅಂತ ಗ್ಯಾರಂಟಿ ಆಗಬೇಕಲ್ಲ ಅಜ್ಜಿ.'

ಬೆರಳು, ಕಣ್ಣು, ಓಟಿಪಿ, ಮುಖ. ಗುರುತು ಖಚಿತಪಡಿಸಲು ಈ ನಾಲ್ಕು ದಾರಿ ಇವೆ ಅಂತ ಸಿಎಜಿ ವರದಿ ಬಂದಾಗ ಸರ್ಕಾರವೇ ಹೆಮ್ಮೆಯಿಂದ ಹೇಳಿಕೊಂಡಿತ್ತು. ನಾಲ್ಕೂ ಬಾಗಿಲಲ್ಲಿ ಅಜ್ಜಿ ಸಿಕ್ಕಿಕೊಳ್ಳುತ್ತಾರೆ. ಸತ್ತವರು ಯಾವ ಬಾಗಿಲಿಂದ ಒಳಗೆ ಹೋದರು ಅನ್ನುವುದೇ ನನಗೆ ಅರ್ಥವಾಗದ ವಿಷಯ. ಅಜ್ಜಿಗೆ ಆ ಬಾಗಿಲು ತೋರಿಸುವ ಪುಣ್ಯಾತ್ಮರು ಯಾರಾದರೂ ಇದ್ದಾರಾ?

ಮೋಸ ಮಾಡುವವನು ಅಜ್ಜಿಯಲ್ಲ. ಒಬ್ಬ ಬಡವಿ ಸುಳ್ಳು ಹೇಳಿ ಎರಡು ಸಲ ಪೊರೆ ತೆಗೆಸಿಕೊಳ್ಳುತ್ತಾಳೆ ಅಂತ ಯಾರೂ ನಂಬುವುದಿಲ್ಲ. ದುಡ್ಡು ಹೋಗುವುದು ಆಸ್ಪತ್ರೆಯ ಖಾತೆಗೆ, ಬಿಲ್ ಬರೆಯುವುದು ಆಸ್ಪತ್ರೆ, ಹೆಚ್ಚಿಗೆ ಬರೆದರೆ ಲಾಭವೂ ಅದಕ್ಕೇ. ಬೀಗ ಮಾತ್ರ ಅಜ್ಜಿ ನಿಂತ ಬಾಗಿಲಿಗೆ.

ತಪ್ಪು ಬಿಲ್ ಅಂದರೆ ಕಾಗದದ ಮೇಲಿನ ತಪ್ಪು ಅಂತ ಅಂದುಕೊಳ್ಳುವ ಹಾಗೂ ಇಲ್ಲ. 2024ರ ನವೆಂಬರ್‌ನಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಬೋರಿಸಣಾ ಎಂಬ ಹಳ್ಳಿಯಲ್ಲಿ ಉಚಿತ ಶಿಬಿರ ನಡೆಯಿತು. ಅಲ್ಲಿಂದ ಜನರನ್ನು ಅಹಮದಾಬಾದಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಲವರಿಗೆ ಆಂಜಿಯೋಗ್ರಾಂ, ಕೆಲವರಿಗೆ ಆಂಜಿಯೋಪ್ಲಾಸ್ಟಿ. ಇಬ್ಬರು ತೀರಿಕೊಂಡರು. ಯೋಜನೆಯ ದುಡ್ಡಿಗಾಗಿ ಬೇಡದವರಿಗೂ ಸ್ಟೆಂಟ್ ಹಾಕಿದರು ಎಂಬ ಆರೋಪದ ಮೇಲೆ ಪೊಲೀಸ್ ಕೇಸಾಯಿತು, ಬಂಧನಗಳಾದವು. ಇಲ್ಲಿ ನನಗೆ ತಮಾಷೆ ಮಾಡಲು ಬಾಯಿ ಬರುವುದಿಲ್ಲ. ಮುಂದೆ ಹೋಗೋಣ.

ಸರ್ಕಾರ ಕೈಕಟ್ಟಿ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ವಂಚನೆ ತಡೆಯಲು ರಾಷ್ಟ್ರ ಮಟ್ಟದ ಘಟಕ ಇದೆ. 2025ರ ಆರಂಭದಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 1,114 ಆಸ್ಪತ್ರೆಗಳನ್ನು ಪಟ್ಟಿಯಿಂದ ಕಿತ್ತು ಹಾಕಿದ್ದಾರೆ, 549 ಆಸ್ಪತ್ರೆಗಳನ್ನು ಅಮಾನತು ಮಾಡಿದ್ದಾರೆ. ಖಾಸಗಿ ಆಸ್ಪತ್ರೆಗಳ 562.4 ಕೋಟಿ ರೂಪಾಯಿಯಷ್ಟು ಕ್ಲೇಮುಗಳು ಒಪ್ಪುವಂಥವಲ್ಲ ಅಂತ ಗುರುತಿಸಿದ್ದಾರೆ. ಒಳ್ಳೆಯ ಕೆಲಸ, ಚಪ್ಪಾಳೆ ಹೊಡೆಯೋಣ. ಇದಕ್ಕೆಲ್ಲ ಈಗ ಕೃತಕ ಬುದ್ಧಿಮತ್ತೆ ಬಳಸುತ್ತಾರಂತೆ. ಸಹಜ ಬುದ್ಧಿಗೆ ಟೆಂಡರ್ ಕರೆದರೆ ಯಾರೂ ಬರಲಿಲ್ಲವೋ ಏನೋ.

ಇನ್ನೊಂದು ಕಡೆ, ನಿಯತ್ತಾಗಿ ಕೆಲಸ ಮಾಡುವ ಆಸ್ಪತ್ರೆಯವರ ಗೋಳೇ ಬೇರೆ. ಕ್ಲೇಮ್ ಹಾಕಿದ ಹದಿನೈದು ದಿನದಲ್ಲಿ ದುಡ್ಡು ಬರಬೇಕು ಅನ್ನುವುದು ನಿಯಮ. 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಬಾಕಿ ಬಂದಿಲ್ಲ ಅಂತ ಯೋಜನೆಯ ಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟವು. ಅವರು ಮಾಡಿದ ತಪ್ಪು ಏನು ಅಂತ ಯೋಚಿಸಿದೆ. ಬಹುಶಃ ಬದುಕಿರುವ ರೋಗಿಗಳಿಗೆ, ಡಿಸ್ಚಾರ್ಜ್ ಆಗುವ ಮೊದಲೇ ಆಪರೇಷನ್ ಮಾಡಿಬಿಟ್ಟಿರಬೇಕು. ಅಂಥ ಫೈಲು ನೋಡಿದರೆ ಯಾವ ಅಧಿಕಾರಿಗಾದರೂ ಅನುಮಾನ ಬರುತ್ತದೆ.

ಟೀಕೆ ಮಾಡುವವರು ಪರಿಹಾರವನ್ನೂ ಹೇಳಬೇಕು ಅನ್ನುತ್ತಾರೆ. ಹೇಳುತ್ತೇನೆ. ಬಸ್ ಟಿಕೆಟ್ಟಿನ ಆ ತಂತ್ರಾಂಶ ಬರೆದ ಹುಡುಗ ಯಾರೋ, ಅವನನ್ನು ಒಂದು ವಾರ ದೆಹಲಿಗೆ ಎರವಲು ಕಳಿಸಿ. ತಾರೀಖು ನೋಡುವ ಒಂದು ಸಾಲು, ಸತ್ತವರನ್ನು ತಡೆಯುವ ಒಂದು ಸಾಲು, ಒಂದೇ ನಂಬರ್ ಹತ್ತನೇ ಮನೆಗೆ ಬಂದಾಗ ಗಂಟೆ ಬಾರಿಸುವ ಒಂದು ಸಾಲು ಬರೆದುಕೊಟ್ಟು ಬರಲಿ. ಬಿಲ್ ಪಾಸ್ ಆದಮೇಲೆ ಕಳ್ಳನನ್ನು ಹುಡುಕುತ್ತಾ ಊರೂರು ಅಲೆಯುವ ಬದಲು, ದುಡ್ಡು ಕೊಡುವ ಮೊದಲೇ ಇಷ್ಟು ನೋಡಲಿ. ಉಳಿದ ಸಮಯದಲ್ಲಿ ಅವನು ಕುತುಬ್ ಮಿನಾರ್ ನೋಡಿಕೊಂಡು ಬಂದರೂ ನನ್ನ ತಕರಾರಿಲ್ಲ. ಅವನ ಟಿಎ ಬಿಲ್ ಮಾತ್ರ ಹೋಗಿ ಬಂದಮೇಲೆಯೇ ಕೊಡಿ.