ಅಗಳ ತೋಡಿದವನೇ ಪಂಚಾಯ್ತಿಗೆ ಕೂತರೆ

ಹೋದ ಡಿಸೆಂಬರಿನಲ್ಲಿ ಅಮೆರಿಕದಿಂದ ಊರಿಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಒಳಗೆ ನಮ್ಮ ಮನೆ. ರಾತ್ರಿ ಊಟ ಮುಗಿಸಿ ಎಲ್ಲರೂ ಅಡಿಕೆ ಸುಲಿಯಲು ಕೂತಿದ್ದರು. ಟಿವಿಯಲ್ಲಿ ಯಾರೋ ಉಗ್ರರನ್ನು ಹಿಡಿದ ಸುದ್ದಿ. ಚಿಕ್ಕಪ್ಪ ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ ಹೇಳಿದರು: "ಇವ್ರಿಗೆಲ್ಲ ಕೋರ್ಟು ಯಾಕೆ ಮಾರಾಯ? ನಿಮ್ಮ ಅಮೆರಿಕದವರ ಹಾಗೆ ಮಿಲಿಟರಿ ಕೈಗೆ ಕೊಟ್ಟು ಒಂದು ವಾರದಲ್ಲಿ ಮುಗಿಸ್ಬೇಕು."

"ನಿಮ್ಮ ಅಮೆರಿಕ" ಅಂದಿದ್ದು ಚುರ್ ಅಂತು. ಅದಕ್ಕಿಂತ ಜಾಸ್ತಿ ಕೆಣಕಿದ್ದು ಆ "ಒಂದು ವಾರ".

ಸೆಪ್ಟೆಂಬರ್ 11ರ ದಾಳಿಯ ಮುಖ್ಯ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್ ಸಿಕ್ಕಿಬಿದ್ದಿದ್ದು 2003ರ ಮಾರ್ಚ್‌ನಲ್ಲಿ. 2006ರಿಂದ ಕ್ಯೂಬಾ ದ್ವೀಪದಲ್ಲಿರುವ ಅಮೆರಿಕ ಸೇನೆಯ ಗ್ವಾಂಟನಾಮೊ ಜೈಲಿನಲ್ಲಿದ್ದಾನೆ. ಅಲ್ಲಿನ ಮಿಲಿಟರಿ ನ್ಯಾಯಮಂಡಳಿಯಲ್ಲಿ ಅರ್ಜಿ, ತಕರಾರು, ಮತ್ತೆ ಅರ್ಜಿ, ಇಷ್ಟೇ ನಡೆದಿದೆ. ಅಸಲು ವಿಚಾರಣೆ ಇನ್ನೂ ಶುರುವಾಗಿಲ್ಲ. ಮುಂಬೈ ದಾಳಿಯ ನಮ್ಮ ಕಸಬ್ ಕೇಸು ನೋಡಿ. 2008ರ ನವೆಂಬರಿನಲ್ಲಿ ಸಿಕ್ಕಿದ, 2010ರ ಮೇನಲ್ಲಿ ಶಿಕ್ಷೆ ಆಯಿತು, 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಅದೇ ವರ್ಷದ ನವೆಂಬರಿನಲ್ಲಿ ಗಲ್ಲು. ಅವನ ಜೊತೆ ಕಟಕಟೆಯಲ್ಲಿದ್ದ ಇಬ್ಬರು ಭಾರತೀಯರನ್ನು ಸಾಕ್ಷಿ ಸಾಲದು ಎಂದು ಅದೇ ನ್ಯಾಯಾಧೀಶರು ಬಿಟ್ಟರು. ದೇಶವೇ ಕುದಿಯುತ್ತಿದ್ದಾಗ ಇಬ್ಬರನ್ನು ಬಿಡೋಕೆ ಎದೆ ಬೇಕು.

ಚಿಕ್ಕಪ್ಪನಿಗೆ ಹೇಗೆ ಹೇಳೋದು? ನಮ್ಮ ತೋಟದ ಗಡಿಗೆ ತೋಡಿದ ಅಗಳದ ಕಥೆಯೇ ನೆನಪಿಗೆ ಬಂತು. ಪಕ್ಕದ ತೋಟದವರು ಒಂದು ಮಳೆಗಾಲ ಕಳೆಯುವುದರೊಳಗೆ ಅಗಳವನ್ನು ನಮ್ಮ ಕಡೆ ಎರಡು ಮಾರು ಸರಿಸಿದ್ದರು. ಪಂಚಾಯ್ತಿ ಸೇರಿತು. ಕವಳದ ತಟ್ಟೆ ಹಿಡಿದು ಜಗಲಿ ಮೇಲೆ ಕೂತವರಲ್ಲಿ ಒಬ್ಬರು ಅವರ ಭಾವ, ಇನ್ನೊಬ್ಬರು ಆ ಅಗಳ ತೋಡಿಸಿದವರೇ. ಅಜ್ಜ ಕವಳ ಕೂಡ ಮುಟ್ಟದೆ ಎದ್ದು ಬಂದರು. ಗ್ವಾಂಟನಾಮೊದಲ್ಲೂ ಇದೇ ಜಗಲಿ. ಕಾವಲು ಸೇನೆಯದು, ನ್ಯಾಯಾಧೀಶರು ಸೇನೆಯವರು, ತೀರ್ಪು ಕೊಡಲು ಕೂರುವವರೂ ಸೇನೆಯ ಅಧಿಕಾರಿಗಳು. ನೋಡಲು ಬಂದವರು ಗಾಜಿನ ಆಚೆ ಕೂರಬೇಕು, ಮಾತು 40 ಸೆಕೆಂಡ್ ತಡವಾಗಿ ಕೇಳುತ್ತದೆ. ನಡುವೆ ಗುಟ್ಟಿನ ಮಾತು ಬಂದರೆ ಕೆಂಪು ದೀಪ ಹತ್ತಿ ಶಬ್ದ ಬಂದ್. 2024ರಲ್ಲಿ ಆರೋಪಿಗಳು ತಪ್ಪೊಪ್ಪಿಕೊಳ್ಳುವ ಕರಾರು ಆಯಿತು. ಎರಡೇ ದಿನಕ್ಕೆ ರಕ್ಷಣಾ ಕಾರ್ಯದರ್ಶಿ ಅದನ್ನು ವಾಪಸ್ ತೆಗೆದರು. ಪಂಚರು ಒಪ್ಪಿದ್ದನ್ನು ಗೌಡರು ಬಂದು ಅಳಿಸಿದ ಹಾಗೆ.

ತಡಕ್ಕೆ ಕಾರಣ ಮಿಲಿಟರಿಯವರ ಸೋಮಾರಿತನ ಅಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಖಾಲಿದ್‌ನನ್ನು ಗುಟ್ಟಿನ ಜೈಲಿನಲ್ಲಿಟ್ಟು, ಒಂದೇ ತಿಂಗಳಲ್ಲಿ 183 ಸಲ ಮುಖಕ್ಕೆ ನೀರು ಸುರಿದು ಉಸಿರುಗಟ್ಟಿಸಿತ್ತು. ಹಾಗೆ ಹಿಂಡಿದ ಮೇಲೆ ಬಂದ ಮಾತನ್ನು ಸಾಕ್ಷಿ ಅನ್ನಬಹುದಾ? ಈ ಒಂದು ಪ್ರಶ್ನೆಯೇ ವರ್ಷಗಳನ್ನು ತಿಂದಿದೆ.

ನಾನಿರುವ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಮಾಮೂಲಿ ಫೆಡರಲ್ ಕೋರ್ಟ್ ಒಂದಿದೆ. ಅದೇ ದಾಳಿಯ ಸಂಚಿನಲ್ಲಿದ್ದ ಜಕಾರಿಯಾಸ್ ಮುಸಾವಿಗೆ 2006ರಲ್ಲಿ ಇಲ್ಲೇ ಜೀವಾವಧಿ ಆಯಿತು. ಸರ್ಕಾರ ಕೇಳಿದ್ದು ಮರಣದಂಡನೆ. ಜ್ಯೂರಿಯಲ್ಲಿ ಕೂತ ಸಾಮಾನ್ಯ ಜನ ಕೊಡಲಿಲ್ಲ. ಆ ಕಟ್ಟಡದ ಮುಂದೆ ಹಾದು ಹೋಗುವಾಗ, ಇದು ಬಾಗಿಲು ತೆರೆದಿರುವಾಗ ಕ್ಯೂಬಾ ದ್ವೀಪದ ತನಕ ಯಾಕೆ ಹೋದರೋ ಅನಿಸುತ್ತದೆ.

ಸರಿ, ಒಂದು ಮಾತು ಒಪ್ಪಲೇಬೇಕು. ಬಿನ್ ಲಾಡೆನ್ನನ ಡ್ರೈವರ್ ಆಗಿದ್ದ ಸಲೀಂ ಹಮ್ದಾನ್ ಪರ ಸೇನೆಯೇ ನೇಮಿಸಿದ ನೌಕಾಪಡೆಯ ವಕೀಲರು ತಮ್ಮದೇ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋದರು. 2006ರಲ್ಲಿ ಗೆದ್ದರು, ಆಗಿನ ಮಂಡಳಿಯೇ ಕಾನೂನುಬಾಹಿರ ಅಂತಾಯಿತು. ಅತ್ತ ಕಸಬ್ ಪರ ನಿಲ್ಲಲು ಮೊದಲಿಗೆ ವಕೀಲರೇ ಸಿಗಲಿಲ್ಲ, ನಿಲ್ಲಲು ಹೊರಟವರ ಮನೆ ಮುಂದೆ ಗಲಾಟೆ ಬೇರೆ. ಇನ್ನು ನಮ್ಮ ಘಟ್ಟದ ಬುಡದ ಕುತ್ಲೂರಿನ ಹುಡುಗ. ಪತ್ರಿಕೋದ್ಯಮ ಓದುತ್ತಿದ್ದವನನ್ನು ನಕ್ಸಲ್ ನಂಟು ಅಂತ 2012ರಲ್ಲಿ ಯುಎಪಿಎ ಎಂಬ ಭಯೋತ್ಪಾದನೆ ತಡೆ ಕಾಯ್ದೆ ಅಡಿ ಹಿಡಿದರು. ನಿರಪರಾಧಿ ಅನ್ನಲು 2021 ಬರಬೇಕಾಯಿತು. ಅದು ಮಿಲಿಟರಿ ಕೋರ್ಟಲ್ಲ, ನಮ್ಮದೇ ಮಾಮೂಲಿ ಕೋರ್ಟು.

ಇದನ್ನೆಲ್ಲ ಅರ್ಧಂಬರ್ಧ ಹೇಳಿದೆ. ಚಿಕ್ಕಪ್ಪ ಹೋಳನ್ನು ಬುಟ್ಟಿಗೆ ಹಾಕಿ, "ಆಯ್ತಪ್ಪ. ಅಗಳದ ಕೇಸು ಕೋರ್ಟಿಗೆ ಹೋಗಿ ಹದಿನೇಳು ವರ್ಷ ಆಯ್ತು, ಅದು ನ್ಯಾಯವಾ?" ಅಂದರು.

ಮುಂದಿನ ತಾರೀಖು ಯಾವಾಗ ಅಂತ ಕೇಳಿದೆ.

"ಬೇಸಿಗೆ ರಜೆ ಕಳೆದ ಮೇಲಂತೆ."